ಬಾಗಿಲಿಗೆ ಬಂದವರನ್ನು ಕೆಂಪಿ ಮುಚ್ಚಿಡುವುದಿಲ್ಲ

ಅವ್ವಾ,

ನೀನು ತೀರಿಹೋಗಿ, ನಿನ್ನ ದಿನಕರ್ಮ ಮುಗಿದ ಮರುದಿನವೇ ಅಣ್ಣ ನನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದ. "ಕಿವಿ ಕೇಳಂಗಿಲ್ಲ, ಒಬ್ಬಾಕೀನ ಹೆಂಗ ಇರ್ತಿ? ಮನಿಗೆ ಕೀಲಿ ಹಾಕು, ಕೊಪ್ಪಳಕ್ಕ ನಡಿ," ಅಂದ. ಅವನ ತುಟಿ ಓದಿದೆ, ಬ್ಯಾಗನ್ನು ಬೋರಲು ಹಾಕಿ ಎಲ್ಲ ನೆಲಕ್ಕೆ ಸುರಿದೆ. ಹತ್ತರ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು, ಕೈಕಾಲು ಹೋಗಲಿಲ್ಲವಲ್ಲ! ಕುಷ್ಟಗಿಯ ಈ ಮನೆಯಲ್ಲಿ ನನ್ನ ಹೊಲಿಗೆ ಮಷೀನಿದೆ, ನಾನಿದ್ದೇನೆ. ಕೊನೆಗೆ ಆರು ತಿಂಗಳು ಗಡುವು ಕೊಟ್ಟ. ಅಷ್ಟರೊಳಗೆ ಒಬ್ಬಳೇ ಬಾಳಿ ತೋರಿಸಬೇಕಿತ್ತು.

ನಾಯಿ ಹೊಸ್ತಿಲು ತುಳಿದರೆ ನೀನು ಕೊಡ ನೀರು ಹಾಕಿ ತೊಳೆಯುತ್ತಿದ್ದೆ. ಈಗ ಒಂದು ನಾಯಿ ನಿನ್ನ ಕೌದಿಯ ಮೇಲೆಯೇ ಮಲಗುತ್ತದೆ. ಬೈಯಿ, ಎಷ್ಟು ಬೈಯುತ್ತೀಯೋ ಬೈಯಿ, ನನಗೆ ಹೇಗೂ ಕೇಳುವುದಿಲ್ಲ! ಕೆಂಪಿ ಅಂತ ಹೆಸರು. ಲಾರಿ ಬಡಿದು ಬಿದ್ದಿದ್ದ ಅದನ್ನು ಗಂಗಾವತಿಯ ಹತ್ತಿರ ಬೀದಿನಾಯಿಗಳಿಗೆ ಆಸರೆ ಕೊಡುವವರು ಎತ್ತಿ ತಂದು ಉಳಿಸಿದ್ದರು. ಸದ್ದಾದರೆ ನನಗೆ ತಿಳಿಸುವ ನಾಯಿ ಬೇಕೆಂದು ಅಲ್ಲಿಗೆ ಹೋದೆ. ನಾಯಿಗಳಿಗೆ ಕಲಿಸುವ ಖಾಜಾ ಭಾಯಿ, "ಕಾಲು ಕುಂಟೈತಿ, ಕಿವಿ ಮಾತ್ರ ಭಾಳ ಚುರುಕ. ನಿನಗ ಇದ ಛಲೋ, ತಂಗಿ," ಅಂದರು.

ಭಾನುವಾರಕ್ಕೊಮ್ಮೆ ಅವರು ಬಂದು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ಕೆಂಪಿ ಓಡಿ ಬಂದು ಮೂಗಿನಿಂದ ನನ್ನ ಮೊಣಕಾಲು ತಿವಿದು ಬಾಗಿಲಿಗೆ ಕರೆದೊಯ್ದರೆ ಅದಕ್ಕೊಂದು ತುಂಡು ಕಟಕ ರೊಟ್ಟಿ. ಮೊದಮೊದಲು ಯಾರೂ ಬಡಿಯದಿದ್ದರೂ ರೊಟ್ಟಿಯ ಆಸೆಗೆ ತಿವಿಯುತ್ತಿತ್ತು, ಕಳ್ಳಿ! "ಒಂದು ಕುಂಟಿ, ಒಂದು ಕಿವುಡಿ, ಛಲೋ ಜೋಡಿ ಬಿಡು," ಅಂತ ಅಣ್ಣ ನಕ್ಕ. ನಗಲಿ. ಈಗ ಕುಕ್ಕರ್ ಕೂಗಿದರೂ ಕರೆಯುತ್ತದೆ, ಕಸದ ಗಾಡಿ ಬಂದರೂ ಕರೆಯುತ್ತದೆ. ಓಣಿಯಲ್ಲಿ ಎಲ್ಲರಿಗಿಂತ ಮೊದಲು ಕಸ ಹಾಕುವವಳು ನಾನು.

ನೀನು ಬಾಗಿಲಲ್ಲಿ ಯಾರೊಡನೆಯೋ ಮಾತಾಡಿ ಬಂದಾಗ ಯಾರೆಂದು ಕೇಳಿದರೆ, "ಯಾರೋ ದಾರಿ ಕೇಳಿದ್ರು," ಅನ್ನುತ್ತಿದ್ದೆ, ನೆನಪಿದೆಯೇ? ಹೋದ ವಾರ ಕೆಂಪಿ ತಿವಿಯಿತು. ಬಾಗಿಲು ತೆರೆದರೆ ಕಿವುಡ ಮಕ್ಕಳ ಶಾಲೆಯ ಮೇಡಂ. "ನಮ್ಮ ಹುಡುಗ್ಯಾರಿಗೆ ಹೊಲಿಗಿ ಕಲಿಸಾಕ ನೀವು ಬೇಕ್ರಿ. ಹಿಂದ ಎರಡು ಸಲ ಬಂದಿದ್ದೆ. ಆಕಿ ಒಲ್ಲೆ ಅಂತಾಳ ಅಂತ ನಿಮ್ಮವ್ವ ಹೇಳಿ ಕಳಿಸಿದ್ರು."

ಎರಡು ಸಲ! ನಾನು ಯಾವಾಗ ಒಲ್ಲೆ ಅಂದೆ? ನೀನು ಯಾಕೆ ಹಾಗೆ ಹೇಳಿದೆ? ಜನ ನಕ್ಕಾರು ಅಂತಲೇ? ಬಸ್ಸಿನಲ್ಲಿ ದಾರಿ ತಪ್ಪಿಯೇನು ಅಂತಲೇ? ಅಥವಾ ನಾನು ಹೊರಗೆ ಹೋದರೆ ಮನೆಯಲ್ಲಿ ನೀನೊಬ್ಬಳೇ... ಸಿಟ್ಟಿಗೆ ನಿನ್ನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಸಂಜೆ ನಾನೇ ಮತ್ತೆ ಇತ್ತ ತಿರುಗಿಸಿ ಅತ್ತೆ. ನಿನ್ನ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ, ಎರಡರಲ್ಲಿ ಒಂದನ್ನೂ ಬಿಡುವವಳಲ್ಲ ನಾನು.

ನಿನ್ನೆ ಅಣ್ಣನ ಗಡುವು ಮುಗಿಯಿತು. ಕರೆದೊಯ್ಯಲು ಬಂದವನಿಗೆ ಚಹಾ ಕೊಟ್ಟು, "ನಾ ಬರಂಗಿಲ್ಲ, ಸೋಮವಾರ ಕೆಲಸಕ್ಕ ಹೊಂಟೀನಿ," ಅಂದೆ. ಬಸಿಯಲ್ಲಿ ಉಳಿದಿದ್ದ ಚಹಾವನ್ನು ಕುಡಿಯದೆ ಕೆಂಪಿಯನ್ನೇ ನೋಡುತ್ತ ಕುಳಿತವನು, ಆಮೇಲೆ ಒಬ್ಬನೇ ಕೊಪ್ಪಳಕ್ಕೆ ಹೊರಟ.

ಹೌದು, ಸೋಮವಾರದಿಂದ ಹೋಗುತ್ತೇನೆ, ಕೆಂಪಿಯೂ ಬರುತ್ತದೆ. ಹೋದ ವಾರ ಬಾಗಿಲಿಗೆ ಬಂದಾಗ, ನೀನು ಹೋದದ್ದು ಆ ಮೇಡಂಗೆ ಗೊತ್ತಿರಲಿಲ್ಲ. "ಅವ್ವಾರನ್ನ ಒಂದು ಮಾತು ಕೇಳಿ ಹೇಳ್ರಿ," ಅಂದಿದ್ದರು.

"ಅವ್ವ ಇಲ್ರಿ," ಅಂದೆ. "ನನ್ನನ್ನ ಕೇಳ್ರಿ."

ಕೇಳಿದರು, ಅವ್ವಾ.