ಅವ್ವ ಎರೆದ ಸೀಸದ ಗುಂಡು

ದಢೇಸುಗೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಶಿವರಾಜಣ್ಣಾ,

ಹೇಗಿದ್ದೀಯ? ಹಿನ್ನೀರಿನ ದಂಡೆಯಲ್ಲಿ ಈಗ ಚಳಿ ಜೋರಿರಬೇಕು. ಹಸಿ ಬಟ್ಟೆಯಲ್ಲೇ ತೆಪ್ಪದಲ್ಲಿ ಕೂತಿರಬೇಡ, ನಿನ್ನ ಕೆಮ್ಮು ನನಗೆ ಗೊತ್ತು. ಅಲ್ಲಿಗೆ ಫೋನ್ ಹತ್ತುವುದೇ ಇಲ್ಲ. ಅದಕ್ಕೇ ನಿನ್ನ ಗೆಳೆಯ ದುರುಗೇಶನ ಕೈಯಲ್ಲಿ, ಬಲೆ ಮುಳುಗಲು ಕಟ್ಟುವ ಸೀಸದ ಗುಂಡಿನ ಚೀಲದ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ. ತನಗೆ ಓದಲು ಬಾರದೆಂದು ಬರೆದ ಒಂದೊಂದು ಸಾಲನ್ನೂ ನನ್ನಿಂದ ಓದಿಸಿ ಕೇಳುತ್ತಿದ್ದಾಳೆ.

ಹೋದ ಸಲದ ಗುಂಡುಗಳ ಅಂಚು ಹರಿತವಾಗಿ ಬಲೆಯ ದಾರ ಕೊಯ್ದವು ಎಂದು ನೀನು ಹೇಳಿಕಳಿಸಿದ್ದು ಅವ್ವನ ಮನಸ್ಸಿಗೆ ನಾಟಿತ್ತು. ಅಪ್ಪ ಹೋದ ಮೇಲೆ ಸೀಸ ಕರಗಿಸಿ ಎರೆಯುವವಳು ಅವಳೇ ತಾನೆ. "ಅಚ್ಚು ತಣ್ಣಗ ಇದ್ರ ಗುಂಡು ಸುಕ್ಕ ಬೀಳತಾವ, ಆವಾಗ ನಾನಽ ಅವಸರ ಮಾಡಿದ್ನಿ" ಎಂದಳು. ಈ ಸಲ ಅಚ್ಚನ್ನು ಒಲೆಯ ಬದಿಗಿಟ್ಟು ಚೆನ್ನಾಗಿ ಕಾಯಿಸಿದಳು. ಕರಗಿದ ಸೀಸದ ಮೇಲೆ ತೇಲುವ ಬೂದಿಯಂಥ ಕಸವನ್ನು ಸೌಟಿನಿಂದ ತೆಗೆದು, ಅದು ಕನ್ನಡಿಯಂತೆ ಹೊಳೆದ ಮೇಲೆಯೇ ಎರೆದಳು. ಮೊದಲು ಬಂದ ಸೊಟ್ಟ ಗುಂಡುಗಳನ್ನು ಮತ್ತೆ ಪಾತ್ರೆಗೇ ಹಾಕಿದಳು. ಆಮೇಲೆ ಬಂದವನ್ನು ಕೈಯಲ್ಲಿ ಹಿಡಿದು ನೋಡು, ಹುಣಸೆಬೀಜದ ಹಾಗೆ ನುಣ್ಣಗಿವೆ.

ಆದರೆ ಸೀಸ ಸಾಲಲಿಲ್ಲ. ಅಪ್ಪನ ಹರಿದ ಬೀಸುಬಲೆ ಹಿತ್ತಲಲ್ಲಿ ಬಿದ್ದಿತ್ತಲ್ಲ, ಅದರ ಗುಂಡುಗಳನ್ನು ಬಿಚ್ಚಿ ತಂದಳು. ಹಿಂದಿನ ದಿನವಷ್ಟೇ ಮಳೆ ಹನಿದಿತ್ತು. "ಒಣಗಲಿ ಬೇ, ನಾಳಿ ಹಾಕೋಣು" ಎಂದೆ. "ಒರಸೀನಲ್ಲ, ಸಾಕು ಬಿಡು" ಎಂದು ಪಾತ್ರೆಗೆ ಹಾಕಿಯೇಬಿಟ್ಟಳು. ದಾರ ಪೋಣಿಸುವ ತೂತಿನಲ್ಲಿ ನೀರು ಉಳಿದಿತ್ತು ಅಣ್ಣಾ. ಪಟಾಕಿ ಸಿಡಿದಂತೆ ಸದ್ದಾಯಿತು, ಸೀಸ ಹಾರಿ ಮೇಲಿನ ತಗಡಿಗೆ ಬಡಿಯಿತು. ಅವ್ವ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಕೈ ತೆಗೆಸಲು ಹೋದರೆ ತೆಗೆಯಳು. ಬೆರಳ ಸಂದಿಯಲ್ಲಿ ಸೀಸ ಬೆಳ್ಳಗೆ ಅಂಟಿಕೊಂಡಿತ್ತು. ಪಕ್ಕದ ಮನೆಯ ಖಾತೂನ್‌ಬೀ ಸದ್ದು ಕೇಳಿ ಓಡಿ ಬಂದು, ಮಗ ವಾಸಿಂನ ಆಟೊ ಹೊರಡಿಸಿದರು. ಸಿಂಧನೂರಿನ ಆಸ್ಪತ್ರೆ ಮುಟ್ಟುವವರೆಗೂ ಅವ್ವ ನರಳಲಿಲ್ಲ. ದಾರಿಯಲ್ಲಿ ಒಮ್ಮೆ ಮಾತ್ರ, "ಒಲಿ ಆರಿಸಿ ಬಂದಿಯೇನ?" ಎಂದು ಕೇಳಿದಳು. ಹೂಂ ಅಂದೆ. ಆರಿಸಿದವರು ಖಾತೂನ್‌ಬೀ.

ಡಾಕ್ಟರು ಕಣ್ಣು ತೊಳೆದು, ರೆಪ್ಪೆಗೆ ಅಂಟಿದ್ದ ಚೂರು ತೆಗೆದು ಪಟ್ಟಿ ಕಟ್ಟಿದರು. ನಿನ್ನೆ ಪಟ್ಟಿ ಬಿಚ್ಚಿದ್ದಾರೆ. ಕೆನ್ನೆಯ, ಕೈಯ ಗಾಯಗಳು ಒಣಗುತ್ತಿವೆ. "ಕಣ್ಣಿಗೆ ಏನೂ ಆಗಿಲ್ಲಂತ ಬರಿ" ಎನ್ನುತ್ತಿದ್ದಾಳೆ, ಬರೆದಿದ್ದೇನೆ. ಮೀನು ಬೀಳುವ ಹೊತ್ತಿನಲ್ಲಿ ನೀನು ಕೆಲಸ ಬಿಟ್ಟು ಓಡಿ ಬರಬಾರದಂತೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿದೆ.

ನಿನ್ನ ತಂಗಿ,
ಪಂಪಾವತಿ

ಮರೆತದ್ದಲ್ಲ, ಬರೆಯಲು ಆಗದ್ದು: ಅವ್ವ ಎಮ್ಮೆಗೆ ನೀರು ಕುಡಿಸಲು ಹೋಗಿದ್ದಾಳೆ. ದುರುಗೇಶ ಬೈಕ್ ಚಾಲೂ ಮಾಡಿ ನಿಂತಿದ್ದಾನೆ, ಅವನಿಗೂ ಇದು ಗೊತ್ತಿಲ್ಲ. ಅವಳ ಬಲಗಣ್ಣು ಕಾಣುತ್ತಿಲ್ಲ ಅಣ್ಣಾ. ಬೆಳಿಗ್ಗೆ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದಳು. ಕೂಡಲೇ ರಾಯಚೂರಿಗೆ ಕರೆದೊಯ್ದರೆ ಕಣ್ಣು ಉಳಿಯಬಹುದು, ತಡವಾದರೆ ಇಲ್ಲ ಎಂದಿದ್ದಾರೆ ಡಾಕ್ಟರು. ನಾನು ಎಷ್ಟು ಅತ್ತರೂ ಅವಳು ಹೊರಡಲು ಒಪ್ಪುತ್ತಿಲ್ಲ. "ಶಿವರಾಜಗ ಗೊತ್ತಾದ್ರ ನನ್ನ ಮತ್ತ ಸೀಸ ಮುಟ್ಟಾಕ ಬಿಡಂಗಿಲ್ಲ" ಎನ್ನುತ್ತಾಳೆ. ನಿನ್ನ ಮಾತಾದರೆ ಕೇಳುತ್ತಾಳೆ. ಗುಂಡುಗಳನ್ನು ಬಲೆಗೆ ಕಟ್ಟುತ್ತ ಕೂರಬೇಡ. ದುರುಗೇಶನ ಬೈಕಿನಲ್ಲೇ ಹೊರಡು. ಲಿಂಗಸುಗೂರು ದಾಟಿ ಮಸ್ಕಿಗೆ ಬಂದೊಡನೆ ಫೋನ್ ಮಾಡು, ಅವಳ ಕಿವಿಗೆ ಹಿಡಿಯುತ್ತೇನೆ. ಅವ್ವ ಬಂದಳು