ಚಿಕ್ಕ ಧಣಿಯ ವಯಸ್ಸು

ಅಕ್ಕನಿಗೆ ವಿಲ್ಕಿನ್ ಯಾರ್ಕಿನಿಂದ ಬರೆಯುವುದು.

ಚಿಕ್ಕ ಧಣಿ ರಾಲ್ಫರಿಗೆ ಇಪ್ಪತ್ತೊಂದು ತುಂಬಿದೆ ಎಂದು ನಮ್ಮೂರಿನ ಹನ್ನೆರಡು ಮಂದಿ ಇವತ್ತು ಆಣೆಯಿಟ್ಟು ಹೇಳಬೇಕಿತ್ತು. ಇಲ್ಲದಿದ್ದರೆ ಅವರ ಕೋಟೆ, ಹೊಲ ಎಲ್ಲ ರಾಜ ನೇಮಿಸಿದ ಪಾಲಕನ ಕೈಯಲ್ಲೇ ಉಳಿಯುತ್ತಿತ್ತು. ಅವನು ಕಾಡು ಕಡಿದು ಮಾರುತ್ತಿರುವುದು ನಿನಗೆ ಗೊತ್ತೇ ಇದೆ. ಧಣಿ ಹುಟ್ಟಿದ ದಿನ ಹೇಗೆ ನೆನಪಿದೆ ಎಂದು ರಾಜನ ಅಧಿಕಾರಿಗಳು ಒಬ್ಬೊಬ್ಬರನ್ನೂ ಕೇಳಿದರು. ಆಡಂ ತನ್ನ ಕುಂಟುಕಾಲನ್ನು ಮುಂದೆ ಚಾಚಿ, "ಅವತ್ತೇ ಚರ್ಚಿನ ಸೂರಿಂದ ಬಿದ್ದೆ ಸ್ವಾಮಿ, ನಾನು ಮರೆತ್ರೂ ಇದು ಮರೆಯಲ್ಲ" ಎಂದ.

ಹನ್ನೆರಡರಲ್ಲಿ ಒಬ್ಬನಾದ ಅಪ್ಪನ ಸರದಿ ಬಂದಾಗ ಅವನಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವ್ನು ಹುಟ್ಟಿದ್ದೂ ಅವತ್ತೇ ಸ್ವಾಮಿ" ಎಂದುಬಿಟ್ಟ. ಅಷ್ಟು ಜನರೆದುರು ನಾನು ಎದ್ದು ನಿಲ್ಲಬೇಕಾಯಿತು.

"ಇನ್ನೂ ಗಡ್ಡವೇ ಬಂದಿಲ್ವಲ್ಲೋ" ಎಂದು ಪಾಲಕನ ವಕೀಲ ನಕ್ಕ.

"ನಮ್ಮನೇಲಿ ಗಡ್ಡ ನಿಧಾನ, ಬುದ್ಧಿ ಇನ್ನೂ ನಿಧಾನ" ಎಂದ ಅಪ್ಪ.

ಅಧಿಕಾರಿಗಳು ನಗುತ್ತಲೇ ಬರೆದುಕೊಂಡರು. ಆಸ್ತಿ ಧಣಿಯ ಕೈ ಸೇರಿತು.

ಅಪ್ಪನ ಮಂಡಿನೋವು ಕಡಿಮೆಯಾಗಿದೆ. ಶುಕ್ರವಾರ ಹೊರಡುತ್ತೇವೆ. ಇದನ್ನು ಪಾದ್ರಿಗಳ ಕೈಗೆ ಕೊಡಬೇಡ, ಅಮ್ಮನಿಗೆ ನೀನೇ ಓದಿ ಹೇಳು. ನಾನು ಕೊಯ್ಲಿನ ಕಾಲದಲ್ಲಿ ಹುಟ್ಟಿದವನೆಂದು ಅವಳು ಇನ್ನು ಯಾರ ಹತ್ತಿರವೂ ಅನ್ನಬಾರದು. ನಾನು ಹುಟ್ಟಿದ್ದು ಮಾರ್ಚಿನಲ್ಲಿ, ಸಂತ ಕತ್‌ಬರ್ಟರ ಹಬ್ಬದ ದಿನ, ಧಣಿಯ ಜೊತೆಗೇ. ಈ ಓಲೆ ಒಯ್ಯುವ ಗಾಡಿಯವನು ಕರೆಯುತ್ತಿದ್ದಾನೆ.

ನಿನ್ನ ತಮ್ಮ