ಕೈ ಎತ್ತಿದ ಮೇಲೆ

ಕೆಟಲ್ ಬೆಂಡ್, ಇಲಿನಾಯ್
ಜನವರಿ 12, ಭಾನುವಾರ

ಅಮ್ಮಾ,

ಕ್ಷೇಮವೇ ಎಂದು ಕೇಳುವುದಿಲ್ಲ. ಗುರುವಾರ ನೀನು ಅಂಗಡಿಯ ಮುಂದೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದೆ, ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವ ಹಾಗೆ. ಆರೋಗ್ಯವಾಗಿಯೇ ಇದ್ದೀಯ. ನಾನು ಕಂಡೂ ಕಾಣದಂತೆ ಹೋದೆ.

ನೀನು ಫೋನಿನಲ್ಲಿ ಬಿಟ್ಟ ಮಾತಿಗೆ ಉತ್ತರ ಕೊಡಬೇಕು. ಫೋನಿನಲ್ಲೇ ಕೊಟ್ಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ನೀನು ಗೆಲ್ಲುತ್ತೀಯ. ಅದಕ್ಕೇ ಈ ಕಾಗದ. ಮಗು ಓಟ್ಟೊನ ಕಿವಿನೋವು ಇನ್ನೂ ಹೋಗಿಲ್ಲ. ನಿದ್ದೆ ನನಗೆ ದೂರದ ನೆಂಟರ ಹಾಗಾಗಿದೆ. ಬರುತ್ತೇನೆಂಬ ಸುದ್ದಿ ಬರುತ್ತದೆ, ಅವರು ಬರುವುದಿಲ್ಲ. ಬರವಣಿಗೆ ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೋ.

"ಓಟ್ಟೊನ ನಾನು ನೋಡ್ಕೋತೀನಿ ಕಣೇ. ಎಷ್ಟು ಹೊತ್ತಿಗಾದ್ರೂ ಕರ್ಕೊಂಡ್ ಬಾ. ಈ ಬಿಂಕ ಎಲ್ಲ ಬಿಡು" ಎಂದಿದ್ದೀಯ. ಬಿಂಕವಲ್ಲ ಅಮ್ಮ. ಏನೆಂದು ಹೇಳುತ್ತೇನೆ.

ಕಾಲೇಜು ಮಂಡಳಿಗೆ ಊರವರು ವೋಟು ಹಾಕಿ ನಿನ್ನನ್ನು ಆರಿಸಿದ್ದಾರೆ, ಈಗ ಅಧ್ಯಕ್ಷೆಯೂ ಆಗಿದ್ದೀಯ. ಪ್ರತಿ ಚುನಾವಣೆಯಲ್ಲೂ ನೀನು ಹೇಳುವ ಕಥೆ ನನಗೆ ಬಾಯಿಪಾಠ. ಈ ಜಿಲ್ಲೆಯ ಜನ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಕಾಲೇಜು ಮಾಡಿಕೊಂಡದ್ದು. ಮುಚ್ಚಿಹೋದ ಜೋಳದ ಡಬ್ಬಿ ಕಾರ್ಖಾನೆಯಲ್ಲಿ ಮೊದಲ ಪಾಠಗಳು ನಡೆದದ್ದು. ಅಲ್ಲಿ ಓದಿದವರ ಕೋಟುಗಳೆಲ್ಲ ಬೆಂದ ಜೋಳದ ವಾಸನೆ ಹೊಡೆದದ್ದು. ಯುದ್ಧದಿಂದ ಮರಳಿದ ಹುಡುಗ, ಹಾಲು ಕರೆದು ಬಂದ ರೈತ, ಗಂಡ ಬಿಟ್ಟ ಹೆಂಗಸು ಒಂದೇ ಬೆಂಚಿನಲ್ಲಿ ಕೂತದ್ದು. ಆ ಹೆಂಗಸು ಎನ್ನುವಲ್ಲಿ ನಿನ್ನ ದನಿ ಸ್ವಲ್ಪ ನಡುಗುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಈಚೆಗೆ ಆ ಕಥೆಯಲ್ಲಿ ನೀನು ಒಂದು ತುಂಡು ಬಿಟ್ಟುಬಿಡುತ್ತೀಯ. ಅಪ್ಪ ಹೊರಟುಹೋದ ವರ್ಷ ನೀನು ಲೆಕ್ಕಪತ್ರ ಕಲಿಯಲು ಅಲ್ಲಿಗೆ ಸೇರಿದೆ, ನನ್ನನ್ನು ಕಾಲೇಜಿನ ಶಿಶುವಿಹಾರದಲ್ಲಿ ಬಿಟ್ಟೆ. ವೆಲ್ಡಿಂಗ್ ಕಲಿಸುವ ಶೆಡ್ಡಿನ ಕೆಳಗಿನ ಕೋಣೆ. ಮಧ್ಯಾಹ್ನ ನಮ್ಮನ್ನು ಚಾಪೆಯ ಮೇಲೆ ಮಲಗಿಸಿದರೆ ಮೇಲಿಂದ ಬುಸ್ ಬುಸ್ ಸದ್ದು. ಇವತ್ತಿಗೂ ಯಾರಾದರೂ ವೆಲ್ಡಿಂಗ್ ಮಾಡುತ್ತಿದ್ದರೆ ನನಗೆ ಆಕಳಿಕೆ ಬರುತ್ತದೆ. ಆ ಕೋಣೆ ಇಲ್ಲದಿದ್ದರೆ ನಿನಗೆ ಬ್ಯಾಂಕಿನ ಕೆಲಸವಿಲ್ಲ, ಮಂಡಳಿಯ ಕುರ್ಚಿಯೂ ಇಲ್ಲ.

ಅದೇ ಕೋಣೆಯನ್ನು ಈಗ ನೀನು ಮುಚ್ಚಿಸಿದೆ. ಅಲ್ಲೀಗ ಕಂಪ್ಯೂಟರ್ ಆಟದ ಅಖಾಡ ಬರುತ್ತದೆ. "ಹುಡುಗ್ರು ಸೇರ್ತಾ ಇಲ್ಲ, ಸೆಳೀಬೇಕಲ್ಲ" ಎಂದೆಯಂತೆ. ಕುರ್ಚಿ ಬಿಟ್ಟು ಏಳದ ಕ್ರೀಡೆಗೆ ಒಬ್ಬ ತರಬೇತುದಾರ ಬೇರೆ.

ಅಲ್ಲಿ ಓಟ್ಟೊ ಇದ್ದದ್ದು ನಿನಗೆ ತಿಳಿದಿರಲಿಲ್ಲ. ಒಪ್ಪುತ್ತೇನೆ. ಹೈಸ್ಕೂಲಿನಲ್ಲಿ ನಾವೆಲ್ಲ ನಿನ್ನ ಕಾಲೇಜನ್ನು, ಬೇರೆಲ್ಲೂ ಹೋಗಲಾಗದವರ "ಹದಿಮೂರನೇ ಕ್ಲಾಸು" ಎಂದು ಆಡಿಕೊಳ್ಳುತ್ತಿದ್ದೆವು. ನಾನು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಕಲೆಯ ಇತಿಹಾಸ ಓದಿ ಬಂದೆ, ಹಲ್ಲಿನ ಡಾಕ್ಟರ ಹತ್ತಿರ ಫೋನು ಎತ್ತುವ ಕೆಲಸ ಹಿಡಿದೆ. ಈಗ ನರ್ಸಿಂಗ್ ಕಲಿಯಲು ಅದೇ ಹದಿಮೂರನೇ ಕ್ಲಾಸಿಗೆ ಸೇರಿದ್ದನ್ನು ನಿನಗೆ ಹೇಗೆ ಹೇಳಲಿ? "ಕೊನೆಗೂ ಬಂದ್ಯಲ್ಲ" ಎನ್ನುವ ನಿನ್ನ ಮುಖ ನೋಡುವ ಶಕ್ತಿ ಇರಲಿಲ್ಲ. ನನ್ನ ಗಂಡ ಎರಿಕ್, ನದಿಯ ಸರಕು ದೋಣಿಯ ಕೆಲಸಕ್ಕೆ ಹತ್ತಿದರೆ ತಿಂಗಳಾದ ಮೇಲೆಯೇ ಇಳಿಯುವುದು. ಓಟ್ಟೊನನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಎಂದು ನಿನಗೆ ಹೇಳಿಟ್ಟೆ.

ಡಿಸೆಂಬರಿನ ಸಭೆಗೆ ನಾನು ಮಾತಾಡಲೆಂದೇ ಬಂದೆ, ನನ್ನೊಡನೆ ನರ್ಸಿಂಗ್ ಓದುವ ಗೆಳತಿ ಯೆಸೆನಿಯಾಳ ಜೊತೆ. ಅವಳ ಮಗಳು ಪಲೋಮಾಳೂ ಆ ಕೋಣೆಯ ಮಗುವೇ. ನಿಮ್ಮ ಮಂಡಳಿಯ ಪದ್ಧತಿ ನನಗೆ ತಿಳಿದಿರಲಿಲ್ಲ. ಮೊದಲು ಕೈ ಎತ್ತಿ ತೀರ್ಮಾನಿಸುವುದು, ಜನರ ಮಾತು ಕೊನೆಗೆ! ಹಸುವನ್ನು ಮಾರಿದ ಮೇಲೆ ಕರುವಿನ ಅಭಿಪ್ರಾಯ ಕೇಳಿದ ಹಾಗೆ. ಮೂರು ಜನ ಮುಚ್ಚುವುದು ಬೇಡವೆಂದರು, ಮುಚ್ಚಲು ನಾಲ್ಕು ಕೈ ಮೇಲೆದ್ದವು, ಒಂದು ನಿನ್ನದು. ಆಮೇಲೆ ನನ್ನ ಸರದಿ. ಚೀಟಿಯಲ್ಲಿನ ಹೆಸರನ್ನು ನೀನು ಎರಡು ಸಲ ಓದಿದೆ. ಆಮೇಲೆ ಬ್ಯಾಂಕಿನ ದನಿಯಲ್ಲಿ, "ಮಿಸೆಸ್ ಲಿಂಡ್‌ಕ್ವಿಸ್ಟ್, ನಿಮಗೆ ಮೂರು ನಿಮಿಷ" ಎಂದೆ. ನೀವು!

ಏನು ಮಾತಾಡಿದೆನೋ ನೆನಪಿಲ್ಲ. ನೀನು ಗಡಿಯಾರ ನೋಡುತ್ತಿದ್ದದ್ದು ನೆನಪಿದೆ. ಕೆಂಪು ದೀಪ ಹತ್ತಿತು, ಮಾತು ನಿಲ್ಲಿಸಿದೆ. ಜನರ ಮಾತಿಗೆ ಮಂಡಳಿ ಉತ್ತರಿಸುವಂತಿಲ್ಲವಂತೆ, ಅದೂ ಪದ್ಧತಿ. ನೀನು ಲೋಟ ಎತ್ತಿ ನೀರು ಕುಡಿದೆ. ಯೆಸೆನಿಯಾ ನನ್ನ ಕಿವಿಯಲ್ಲಿ, "ನಿಮ್ಮಮ್ಮ ಆ ಗಡಿಯಾರ ನೋಡೋ ಥರ ನನ್ನ ಗಂಡ ನನ್ನ ನೋಡಿದ್ದಿದ್ರೆ ಮದ್ವೆ ಉಳೀತಿತ್ತು ಕಣೇ" ಎಂದಳು. ನಗು ಬಂತು.

ಹೊರಗೆ ಕಾರುಗಳ ನಡುವೆ ನೀನು ಓಡಿಬಂದು ತೋಳು ಹಿಡಿದೆ. "ಮೊದ್ಲೇ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಮನೆಯವ್ರ ವಿಷ್ಯ ಅಂದ್ರೆ ನಿಯಮದ ಪ್ರಕಾರ ನಾನು ಕೈ ಎತ್ತೋ ಹಾಗೇ ಇಲ್ಲ. ಮೂರಕ್ಕೆ ಮೂರಾಗಿ ಠರಾವೇ ಬಿದ್ದೋಗ್ತಿತ್ತು!"

ಆ ಮಾತು ನನ್ನನ್ನು ವಾರಗಟ್ಟಲೆ ಹುರಿಯಿತು. ನಾನು ಬಾಯಿ ಮುಚ್ಚಿದ್ದರಿಂದಲೇ ಬಾಗಿಲು ಮುಚ್ಚಿತೇ ಎಂದು ಹೊರಳಾಡಿದೆ. ನಿನ್ನ ಎದುರಿಗೆ ಹಾಗೆಂದು ಒಪ್ಪಿಯೂ ಬಿಡುತ್ತಿದ್ದೆನೇನೋ. ಆಮೇಲೆ ಮಗುವಿನ ಕಿವಿಗೆ ಔಷಧಿ ಬಿಡುತ್ತಾ ಕೂತಿದ್ದಾಗ ಹೊಳೆಯಿತು. ನೀನು ಹೇಳಿದ್ದರ ಅರ್ಥವೇನು? ಮೊಮ್ಮಗ ಇದ್ದಾನೆಂದರೆ ನಿನ್ನ ಕೈ ಕೆಳಗೆ ಇರುತ್ತದೆ. ಪಲೋಮಾ ಇದ್ದಾಳೆಂದರೆ ಮೇಲೆ ಹೋಗುತ್ತದೆ. ಬೇರೆಯವರ ಮಗುವಿನ ಬಾಗಿಲು ಮುಚ್ಚಲು ನಿಯಮದ ಅಡ್ಡಿಯಿಲ್ಲ.

ಮೊನ್ನೆ ಶುಕ್ರವಾರ ಯೆಸೆನಿಯಾ ತನ್ನ ಸಮವಸ್ತ್ರ ತಂದು ನನ್ನ ಮೇಜಿನ ಮೇಲಿಟ್ಟಳು. "ತಗೋ, ನಿಂಗೆ ಸ್ವಲ್ಪ ಬಿಗಿ. ಉಸಿರು ಹಿಡ್ಕೊಂಡ್ರೆ ಆಗತ್ತೆ" ಎಂದಳು. ವಾರ್ಡಿನ ತರಬೇತಿಗೆ ಎರಡು ಸಲ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕುತ್ತಾರೆ. ಮಗು ಬಿಡಲು ಜಾಗವಿಲ್ಲದವಳು ಮೊದಲ ವಾರದಲ್ಲೇ ಎರಡು ಸಲ ತಪ್ಪಿಸಿಕೊಳ್ಳುತ್ತಾಳೆ. ಅವಳು ಓದು ಬಿಟ್ಟು ಮತ್ತೆ ಪೂರ್ತಿ ಹೊತ್ತು ಮಾಂಸದ ಕಾರ್ಖಾನೆಗೆ ಹೋಗುತ್ತಾಳಂತೆ. ನನ್ನ ನೋಟ್ಸು ತಿದ್ದಿಕೊಟ್ಟವಳು ಅವಳು. ರಕ್ತನಾಳ ಹುಡುಕಲು ಹೆದರಿ ನಾನು ಸೂಜಿ ಕೆಳಗಿಟ್ಟಾಗ ತನ್ನ ತೋಳು ಚಾಚಿ, "ಚುಚ್ಚೇ, ನಾನೇನು ಸಾಯಲ್ಲ" ಎಂದವಳು. ಅವಳಿಗೆ ಈ ಊರಿನಲ್ಲಿ ಬ್ಯಾಂಕಿನಿಂದ ನಿವೃತ್ತಳಾದ ಅಮ್ಮ ಇಲ್ಲ, ಅಷ್ಟೇ.

ಈಗ ಓಟ್ಟೊನನ್ನು ನಿನ್ನ ಮಡಿಲಿಗೆ ಹಾಕಿ ನಾನು ವಾರ್ಡಿಗೆ ಹೋದೆನೆನ್ನು. ಯಾರಿಗೂ ಏನೂ ಆಗಲಿಲ್ಲ ಎಂದು ನೀನು ಹೇಳಬಹುದು. ಹೇಳುತ್ತೀಯ ಕೂಡ. ಮುಂದಿನ ಚುನಾವಣೆಯಲ್ಲಿ ನಿನ್ನ ಕಥೆಗೆ ಹೊಸ ಕೊನೆ ಸಿಗುತ್ತದೆ: ಮಗಳೂ ಇದೇ ಕಾಲೇಜಿನಲ್ಲಿ ಓದಿ ನರ್ಸ್ ಆದಳು. ಚಪ್ಪಾಳೆ.

ನಿನ್ನ ಉಪಕಾರ ಬೇಡ ಎಂದು ಬರೆಯಲು ಕೂತವಳು ನಾನು. ಇಷ್ಟು ಉದ್ದ ಬರೆದರೂ ಆ ಒಂದು ಸಾಲು ಕೈಗೆ ಬರುತ್ತಿಲ್ಲ.

ಇಂತಿ,
ನಿನ್ನ ಎದುರು ನಿಂತು ಮೂರು ನಿಮಿಷ ಮಾತಾಡಿದ,
ಟೆಸ್ಸಾ

ಇನ್ನೊಂದು ಮಾತು: ಈ ಕಾಗದವನ್ನು ಇವತ್ತು ರಾತ್ರಿಯೇ ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ನಾಳೆ ವಾರ್ಡು ಬೆಳಿಗ್ಗೆ ಆರೂವರೆಗೆ. ಕತ್ತಲಿರುವಾಗಲೇ ನಿನ್ನ ಮನೆಯ ಮುಂದೆ ಬರುತ್ತೇನೆ. ಕಾರಿನಲ್ಲಿ ಓಟ್ಟೊನ ಪಕ್ಕ ಪಲೋಮಾ ಇರುತ್ತಾಳೆ. ಮೇ ತಿಂಗಳಲ್ಲಿ ತರಗತಿ ಮುಗಿಯುವವರೆಗೆ ಇಬ್ಬರೂ, ಇಲ್ಲವೇ ಇಬ್ಬರೂ ಇಲ್ಲ. ಅವಳಿಗೆ ಕಡಲೆಕಾಯಿ ಬೆಣ್ಣೆ ಕೊಡಬೇಡ, ಒಗ್ಗುವುದಿಲ್ಲ, ಗಂಟಲು ಊದಿಕೊಳ್ಳುತ್ತದೆ. ಯಾರಾದರೂ ಬೆನ್ನು ಸವರಿದರೆ ಮಾತ್ರ ಮಲಗುತ್ತಾಳೆ. ಯೆಸೆನಿಯಾಳಿಗೆ ನೀನು ಒಪ್ಪಿದ್ದೀಯ ಎಂದು ಆಗಲೇ ಹೇಳಿಬಿಟ್ಟಿದ್ದೇನೆ. ಅವಳು ನಂಬಲಿಲ್ಲ, ಆದರೂ ಸಮವಸ್ತ್ರ ವಾಪಸು ಒಯ್ದು ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಳೆ. ಒಪ್ಪಿಗೆಯಿದ್ದರೆ ಬಾಗಿಲ ದೀಪ ಹಾಕಿರು. ಇಲ್ಲದಿದ್ದರೆ ನಾನು ಕಾರು ನಿಲ್ಲಿಸುವುದಿಲ್ಲ. ಅಲ್ಲಿಂದ ಎಲ್ಲಿಗೆ ಹೋಗುತ್ತೇನೋ ನನಗೂ ತಿಳಿಯದು.